ಮನೆಯೊಳಗಿನ ಗಾಳಿ: ಏನನ್ನು ಬಿಡಬೇಕು, ಏನನ್ನು ಕೊಳ್ಳಬೇಕು

ಮನೆಯೊಳಗಿನ ಗಾಳಿಯನ್ನು ಹಸನುಗೊಳಿಸಲು ಇರುವುದು ಮೂರು ದಾರಿಗಳು. ಗಾಳಿಯನ್ನು ಕೆಡಿಸುವ ವಸ್ತುವನ್ನೇ ಮನೆಯಿಂದ ಹೊರಗಿಡಬಹುದು; ಕೆಟ್ಟ ಗಾಳಿಯನ್ನು ಹೊರಕ್ಕೆ ಕಳುಹಿಸಿ ಹೊಸ ಗಾಳಿಯನ್ನು ಬರಮಾಡಿಕೊಳ್ಳಬಹುದು; ಅವೆರಡೂ ಸಾಧ್ಯವಾಗದಲ್ಲಿ ಒಳಗಿನ ಗಾಳಿಯನ್ನು ಯಂತ್ರದಿಂದ ಸೋಸಬಹುದು. ಜಾಹೀರಾತುಗಳು ಮೂರನೆಯ ದಾರಿಯನ್ನೇ ಮೊದಲು ತೋರಿಸುತ್ತವೆ, ಏಕೆಂದರೆ ಮಾರುವುದಕ್ಕೆ ವಸ್ತುವಿರುವುದು ಅಲ್ಲಿ. ಆದರೆ ಕರ್ನಾಟಕದ ಬಹುಪಾಲು ಮನೆಗಳಲ್ಲಿ ಗಾಳಿಯನ್ನು ಎಲ್ಲಕ್ಕಿಂತ ಹೆಚ್ಚು ಕೆಡಿಸುವುದು ಮನೆಯೊಳಗೇ ಉರಿಯುವ ವಸ್ತುಗಳು: ಅಡುಗೆಯ ಒಲೆ, ಸೊಳ್ಳೆ ಬತ್ತಿ, ಊದುಬತ್ತಿ, ಸ್ನಾನದ ಮನೆಯ ಗ್ಯಾಸ್ ಗೀಸರ್, ಬಾಣಂತಿಯ ಕೋಣೆಯ ಕೆಂಡ. ಆದ್ದರಿಂದ ಯಾವ ಎರಡು ಆಯ್ಕೆಗಳನ್ನು ಹೋಲಿಸುವಾಗಲೂ ಇದು ಉರಿಯುತ್ತದೆಯೇ, ಉರಿದರೆ ಅದರ ಹೊಗೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಮೊದಲು ಕೇಳಬೇಕೆಂಬುದು ನನ್ನ ನಿಲುವು. ಕೈಯಲ್ಲಿರುವ ಹಣವೂ ಇದೇ ಕ್ರಮದಲ್ಲಿ ಖರ್ಚಾಗಬೇಕು.

ಹೋಲಿಕೆಗೆ ಒಂದು ಅಳತೆ ಬೇಕು. ಹೊಗೆಯಲ್ಲಿ ಅತಿ ಹೆಚ್ಚು ಹಾನಿ ಮಾಡುವುದು 2.5 ಮೈಕ್ರಾನ್‌ಗಿಂತ ಚಿಕ್ಕದಾದ, ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ಕಣಗಳು. ಇವನ್ನು ಪಿಎಂ 2.5 ಎಂದು ಕರೆಯುತ್ತಾರೆ. ವರ್ಷದ ಸರಾಸರಿಯಲ್ಲಿ ಇವು ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಭಾರತದ ಮಾನದಂಡ 40ರವರೆಗೆ ಅವಕಾಶ ಕೊಡುತ್ತದೆ. ಬೆಂಗಳೂರಿನ ಹೊರಗಾಳಿಯ ವಾರ್ಷಿಕ ಸರಾಸರಿ 30ರ ಆಸುಪಾಸಿನಲ್ಲಿದೆ. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಕಟ್ಟಿಗೆ ಒಲೆ ಉರಿಯುವಾಗ ಈ ಪ್ರಮಾಣ ನೂರಾರು ಮೈಕ್ರೋಗ್ರಾಂಗಳಿಗೆ ಏರುತ್ತದೆ.

ಒಲೆ: ಕಟ್ಟಿಗೆ, ಗೋಬರ್ ಗ್ಯಾಸ್, ಸಿಲಿಂಡರ್, ಇಂಡಕ್ಷನ್

ಮನೆಯೊಳಗಿನ ವಾಯುಮಾಲಿನ್ಯದಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, ಮತ್ತು ಈ ಸಾವುಗಳ ಬೇರು ಇರುವುದು ಒಲೆಯ ಹೊಗೆಯಲ್ಲಿ. ಆದ್ದರಿಂದ ಕಟ್ಟಿಗೆಯಲ್ಲಿ ಅಡುಗೆ ಮಾಡುವ ಮನೆಗೆ ಬೇರೆ ಯಾವ ಸಲಹೆಯನ್ನು ಕೊಡುವ ಮೊದಲೂ ಒಲೆಯ ಮಾತಾಡಬೇಕು.

ಕಟ್ಟಿಗೆಯನ್ನು ಬಿಡಲಾಗದ ಮನೆಗೆ ಹೊಗೆಕೊಳವೆಯಿರುವ ಸುಧಾರಿತ ಒಲೆ ಮೊದಲ ಆಯ್ಕೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಜ್ಞಾನಿ ಎ.ಕೆ.ಎನ್. ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಆರಂಭವಾದ, ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಇಂಥದ್ದು. ಅದರಲ್ಲಿ ಒಂದೇ ಬೆಂಕಿಯ ಮೇಲೆ ಮೂರು ಪಾತ್ರೆಗಳು ಕೂರುತ್ತವೆ, ಕಟ್ಟಿಗೆ ಉಳಿಯುತ್ತದೆ, ಹೊಗೆ ಕೊಳವೆಯ ಮೂಲಕ ಮಾಡಿನ ಮೇಲಕ್ಕೆ ಹೋಗುತ್ತದೆ. ಆದರೆ ಕೊಳವೆಯಲ್ಲಿ ಮಸಿ ಕಟ್ಟಿದ ದಿನದಿಂದ ಹೊಗೆ ಮತ್ತೆ ಅಡುಗೆಮನೆಗೇ ತಿರುಗುತ್ತದೆ; ಮಸಿ ತೆಗೆಯುವ ಕೆಲಸ ಮನೆಯಲ್ಲಿ ಯಾರಿಗೆ ಸೇರಿದ್ದೆಂದು ಮೊದಲೇ ನಿರ್ಧರಿಸಿಕೊಳ್ಳದಿದ್ದರೆ ಈ ಒಲೆ ಕೆಲವೇ ತಿಂಗಳಲ್ಲಿ ಹಳೆಯ ಒಲೆಯಂತೆಯೇ ಆಗುತ್ತದೆ. ಹೊರಗೆ ಹೋದ ಹೊಗೆ ಅಂಗಳದಲ್ಲಿ, ನೆರೆಮನೆಯ ಕಿಟಕಿಯಲ್ಲಿ ಸುಳಿದಾಡುತ್ತಲೇ ಇರುತ್ತದೆ ಎಂಬುದೂ ನಿಜ. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು: ಕಟ್ಟಿಗೆ ಬೇಗ ಹೊತ್ತಿಕೊಳ್ಳಲೆಂದು ಪ್ಲಾಸ್ಟಿಕ್ ಕವರ್ ಹಚ್ಚುವ ರೂಢಿ ಹಳ್ಳಿಗಳಲ್ಲಿಯೂ ಪಟ್ಟಣಗಳಲ್ಲಿಯೂ ಬೆಳೆದಿದೆ. ಪಿವಿಸಿಯಂಥ ಪ್ಲಾಸ್ಟಿಕ್ ಉರಿದಾಗ ಡಯಾಕ್ಸಿನ್ ಎಂಬ ವಿಷವಸ್ತುಗಳು ಹುಟ್ಟುತ್ತವೆ, ಇವು ದೇಹದ ಕೊಬ್ಬಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ತೆಂಗಿನ ನಾರು, ಒಣಗಿದ ಗರಿ, ಅಡಿಕೆ ಸಿಪ್ಪೆ ಇರುವ ನಾಡಿನಲ್ಲಿ ಇದಕ್ಕೆ ಯಾವ ಅಗತ್ಯವೂ ಇಲ್ಲ.

ದನಕರುಗಳಿರುವ ಮನೆಗೆ ಗೋಬರ್ ಗ್ಯಾಸ್ ಅತ್ಯುತ್ತಮ ಆಯ್ಕೆಯೆಂದು ನಾನು ನಂಬುತ್ತೇನೆ. ಶಿರಸಿ ಸೀಮೆಯ ಅಡಿಕೆ ತೋಟದ ಮನೆಗಳು ಇದನ್ನು ದಶಕಗಳ ಕಾಲ ನಡೆಸಿ ತೋರಿಸಿವೆ. ಒಂದು ಘನ ಮೀಟರ್ ಅನಿಲಕ್ಕೆ ಸುಮಾರು 25 ಕಿಲೋ ಸಗಣಿ ಬೇಕಾಗುವುದರಿಂದ, ಚಿಕ್ಕ ಕುಟುಂಬದ ಅಡುಗೆಗೆ ಸಾಕಾಗುವ 2 ಘನ ಮೀಟರ್ ಅನಿಲಕ್ಕೆ ನಾಲ್ಕೈದು ದೊಡ್ಡ ದನಗಳ ಸಗಣಿ ಹಿಡಿಯುತ್ತದೆ. ಕೊಟ್ಟಿಗೆಯಲ್ಲಿ ಒಂದೇ ಹಸು ಉಳಿದಿರುವ ಮನೆಗೆ ಈ ಲೆಕ್ಕ ಹೊಂದುವುದಿಲ್ಲ.

ಸಿಲಿಂಡರ್ ಗ್ಯಾಸಿಗೆ ಬದಲಾಗುವುದರಿಂದ ಎಷ್ಟು ಲಾಭ? ಭಾರತದ ತಮಿಳುನಾಡು ಹಾಗೂ ಗ್ವಾಟೆಮಾಲಾ, ಪೆರು, ರುವಾಂಡಾ ದೇಶಗಳಲ್ಲಿ ಗರ್ಭಿಣಿಯರ ಮನೆಗಳಿಗೆ ಉಚಿತವಾಗಿ ಗ್ಯಾಸ್ ಒದಗಿಸಿ ನಡೆಸಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2022ರಲ್ಲಿ ಪ್ರಕಟವಾಯಿತು. ಕಟ್ಟಿಗೆಯಂಥ ಉರುವಲನ್ನೇ ಮುಂದುವರಿಸಿದ ಮಹಿಳೆಯರು ಉಸಿರಾಡಿದ ಗಾಳಿಯಲ್ಲಿ ಪಿಎಂ 2.5ರ ಮಧ್ಯಕ ಪ್ರಮಾಣ 70ರ ಹತ್ತಿರವಿದ್ದರೆ, ಗ್ಯಾಸ್ ಪಡೆದವರಲ್ಲಿ ಅದು 24ಕ್ಕೆ ಇಳಿದಿತ್ತು. ಹುಟ್ಟಿದ ಶಿಶುಗಳ ತೂಕದಲ್ಲಿ ಮಾತ್ರ ನಿರೀಕ್ಷಿಸಿದ ವ್ಯತ್ಯಾಸ ಕಾಣಲಿಲ್ಲ. ಈ ಅಧ್ಯಯನದಲ್ಲಿ ಸಿಲಿಂಡರ್ ಮುಗಿದ ಕೂಡಲೇ ಇನ್ನೊಂದು ಬರುತ್ತಿತ್ತು, ಮಹಿಳೆಯರು ಹಳೆಯ ಒಲೆಯನ್ನು ಬಹುಮಟ್ಟಿಗೆ ಬಿಟ್ಟಿದ್ದರು ಎಂಬುದನ್ನು ಗಮನಿಸಬೇಕು. ಚಹಾಕ್ಕೆ ಮಾತ್ರ ಗ್ಯಾಸ್, ಅನ್ನಕ್ಕೂ ಸ್ನಾನದ ನೀರಿಗೂ ದನದ ಮುಸುರೆಗೂ ಕಟ್ಟಿಗೆ ಎಂಬ ಹಂಚಿಕೆಯಲ್ಲಿ ಇಂಥ ಇಳಿಕೆ ಸಿಗುವುದಿಲ್ಲ.

ಗ್ಯಾಸ್ ಒಲೆಯೂ ಪೂರ್ತಿ ಶುದ್ಧವಲ್ಲ. ಅದರ ನೀಲಿ ಜ್ವಾಲೆಯಿಂದ ನೈಟ್ರೋಜನ್ ಡಯಾಕ್ಸೈಡ್ ಬರುತ್ತದೆ, ಇದು ಉಬ್ಬಸವನ್ನು ಕೆರಳಿಸುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಗ್ಯಾಸ್ ಒಲೆಗಳಿಂದ ಕ್ಯಾನ್ಸರ್ ತರಬಲ್ಲ ಬೆಂಜೀನ್ ಕೂಡ ಹೊರಬರುವುದನ್ನು ಅಳೆದು ತೋರಿಸಿದರು. ಇಂಡಕ್ಷನ್ ಒಲೆಯಲ್ಲಿ ಜ್ವಾಲೆಯೇ ಇಲ್ಲದಿರುವುದರಿಂದ ಇವೆರಡೂ ಇಲ್ಲ. ಆದರೆ ಒಗ್ಗರಣೆಯ ಘಾಟು, ಕಾದ ಎಣ್ಣೆಯ ಹೊಗೆ, ಸೀದ ಬೇಳೆಯ ಕಮಟು ಯಾವ ಒಲೆಯಲ್ಲಿಯೂ ಇರುವಂಥವು.

ಖರ್ಚಿನ ಲೆಕ್ಕ ಹೀಗೆ ಬರುತ್ತದೆ. 14.2 ಕಿಲೋದ ಒಂದು ಸಿಲಿಂಡರ್ ಮಾಡುವ ಅಡುಗೆಯನ್ನು ಇಂಡಕ್ಷನ್‌ನಲ್ಲಿ ಮಾಡಲು ಸುಮಾರು 120ರಿಂದ 145 ಯೂನಿಟ್ ವಿದ್ಯುತ್ ಬೇಕು. ಸಿಲಿಂಡರ್ ಒಂದೂವರೆ ತಿಂಗಳು ಬರುವ ಮನೆಯಲ್ಲಿ ಇದು ತಿಂಗಳಿಗೆ 80ರಿಂದ 97 ಯೂನಿಟ್ ಆಗುತ್ತದೆ. 2023ರಿಂದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳಾಗಿರುವವರು ಇದನ್ನು ಎಚ್ಚರದಿಂದ ಲೆಕ್ಕ ಹಾಕಬೇಕು, ಏಕೆಂದರೆ ಅಲ್ಲಿನ ಉಚಿತ ಮಿತಿ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಗದಿಯಾಗಿದೆ, ಮತ್ತು ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ. ಅಲ್ಯೂಮಿನಿಯಂ, ಹಿತ್ತಾಳೆ, ತಾಮ್ರದ ಪಾತ್ರೆಗಳು ಸಾಮಾನ್ಯ ಇಂಡಕ್ಷನ್ ಮೇಲೆ ಕಾಯುವುದಿಲ್ಲ. ಮುದ್ದೆ ತಿರುವುವ ಮನೆಯವರಿಗೆ ಇನ್ನೊಂದು ತೊಡಕಿದೆ: ಪಾತ್ರೆಯನ್ನು ಒತ್ತಿ ಹಿಡಿದು ಕೋಲಿನಿಂದ ಬಲವಾಗಿ ತೊಳಸುವ ಕೆಲಸವನ್ನು ಗಾಜಿನ ಹಲಗೆಯ ಮೇಲೆ ಮಾಡಲಾಗದು, ಪಾತ್ರೆಯನ್ನು ಕೆಳಗಿಳಿಸಿಕೊಳ್ಳಬೇಕು. ಜೋಳದ ರೊಟ್ಟಿಯನ್ನು ಕೊನೆಗೆ ಉರಿಯಲ್ಲಿ ಉಬ್ಬಿಸುವವರಿಗೂ ಜ್ವಾಲೆ ಬೇಕೇ ಬೇಕು.

ನನ್ನ ತೀರ್ಮಾನವಿಷ್ಟು. ಕಟ್ಟಿಗೆಯಿಂದ ಗ್ಯಾಸಿಗೆ ಹೋಗುವುದು ಬಹಳ ದೊಡ್ಡ ಹೆಜ್ಜೆ, ಅದಕ್ಕಾಗಿ ಬೇರೆ ಖರ್ಚನ್ನು ಮುಂದೂಡಬಹುದು. ಗ್ಯಾಸಿನಿಂದ ಇಂಡಕ್ಷನ್‌ಗೆ ಹೋಗುವುದು ಚಿಕ್ಕ ಹೆಜ್ಜೆ. ಕಿಟಕಿ ಕಿರಿದಾದ ಫ್ಲ್ಯಾಟಿನ ಅಡುಗೆಮನೆಯಲ್ಲಿ, ಅದರಲ್ಲಿಯೂ ಉಬ್ಬಸವಿರುವ ಮಗು ಇರುವ ಮನೆಯಲ್ಲಿ, ಅದೂ ಮಾಡಲು ಯೋಗ್ಯ. ನೀರು ಕಾಯಿಸುವುದು, ಹಾಲು, ಅನ್ನ, ಬೇಳೆ ಇವಷ್ಟನ್ನೇ ಇಂಡಕ್ಷನ್‌ಗೆ ವರ್ಗಾಯಿಸಿದರೂ ಜ್ವಾಲೆ ಉರಿಯುವ ಹೊತ್ತು ಗಣನೀಯವಾಗಿ ಇಳಿಯುತ್ತದೆ.

ಚಿಮಣಿಯೋ ಎಕ್ಸಾಸ್ಟ್ ಫ್ಯಾನೋ

ಹಳೆಯ ಹಂಚಿನ ಮನೆಗಳಲ್ಲಿ ಹೊಗೆ ಹಂಚಿನ ಸಂದುಗಳಿಂದ ಸೋರಿ ಹೋಗುತ್ತಿತ್ತು. ಉತ್ತರ ಕರ್ನಾಟಕದ ಮಾಳಿಗೆ ಮನೆಗಳಲ್ಲಿ ಬೆಳಕಿಂಡಿ ಆ ಕೆಲಸ ಮಾಡುತ್ತಿತ್ತು. ಕಾಂಕ್ರೀಟ್ ಚಾವಣಿ ಬಂದ ಮೇಲೆ ಹೊಗೆಗೆ ದಾರಿಯನ್ನು ನಾವೇ ಕಲ್ಪಿಸಬೇಕಾಗಿದೆ. ಇಲ್ಲಿ ಆಯ್ಕೆ ಮೂರು: ಗೋಡೆಗೆ ಎಕ್ಸಾಸ್ಟ್ ಫ್ಯಾನ್, ಕೊಳವೆಯಿಂದ ಹೊರಕ್ಕೆ ತೆರೆಯುವ ಚಿಮಣಿ, ಕೊಳವೆಯಿಲ್ಲದೆ ಗಾಳಿಯನ್ನು ಸೋಸಿ ಮತ್ತೆ ಅಡುಗೆಮನೆಗೇ ಬಿಡುವ ಚಿಮಣಿ. ಕೊನೆಯದನ್ನು ನಾನು ಯಾರಿಗೂ ಶಿಫಾರಸು ಮಾಡಲಾರೆ. ಅದು ಎಣ್ಣೆಯ ಜಿಡ್ಡನ್ನು ಹಿಡಿಯುತ್ತದೆ, ಇದ್ದಿಲಿನ ಫಿಲ್ಟರ್ ಹೊಸದಿರುವವರೆಗೆ ವಾಸನೆಯನ್ನೂ ಸ್ವಲ್ಪ ತಗ್ಗಿಸುತ್ತದೆ, ಆದರೆ ಕಾರ್ಬನ್ ಮೋನಾಕ್ಸೈಡ್ ಎಂಬ ವಿಷಾನಿಲ ಮತ್ತು ಬಿಸಿ ಒಳಗೇ ಉಳಿಯುತ್ತವೆ. ಅಂಗಡಿಯಲ್ಲಿ ಚಿಮಣಿಯ ಹೀರುವ ಶಕ್ತಿಯ ಅಂಕಿಯನ್ನು ಮುಂದಿಟ್ಟು ಮಾರುತ್ತಾರೆ. ಆದರೆ ಕೊಳವೆ ಉದ್ದವಾದಷ್ಟೂ, ಅದರಲ್ಲಿ ತಿರುವುಗಳು ಹೆಚ್ಚಿದಷ್ಟೂ ಆ ಶಕ್ತಿ ಕುಗ್ಗುತ್ತದೆ. ಎರಡು ತಿರುವಿನ ಉದ್ದ ಕೊಳವೆಗೆ ಜೋಡಿಸಿದ ದುಬಾರಿ ಚಿಮಣಿಗಿಂತ ಒಲೆಯ ಮೇಲ್ಭಾಗದ ಗೋಡೆಯಲ್ಲಿ ಎತ್ತರಕ್ಕೆ ಕೂರಿಸಿದ ಸಾಮಾನ್ಯ ಎಕ್ಸಾಸ್ಟ್ ಫ್ಯಾನ್ ಬಾಡಿಗೆ ಮನೆಯವರಿಗೆ ಹೆಚ್ಚು ಉಪಯುಕ್ತವಾಗಬಹುದು. ಯಾವುದನ್ನು ಹಾಕಿದರೂ ಎದುರಿನ ಬಾಗಿಲನ್ನೋ ಕಿಟಕಿಯನ್ನೋ ತುಸು ತೆರೆದಿಡಬೇಕು. ಒಳಗೆ ಬರುವ ಗಾಳಿಗೆ ದಾರಿಯಿಲ್ಲದಿದ್ದರೆ ಹೊರಗೆ ಹೋಗುವ ಗಾಳಿಯೂ ಇರುವುದಿಲ್ಲ. ಒಗ್ಗರಣೆಗೆ ಎಣ್ಣೆ ಇಡುವ ಮೊದಲೇ ಫ್ಯಾನ್ ಹಾಕಿ, ಅಡುಗೆ ಮುಗಿದ ಮೇಲೆ ಹತ್ತು ನಿಮಿಷ ಓಡಲು ಬಿಡುವುದು ಸರಿಯಾದ ಕ್ರಮ.

ಸ್ನಾನದ ನೀರು ಮತ್ತು ಬಾಣಂತಿಯ ಕೋಣೆ

ಇಲ್ಲಿ ಹೋಲಿಕೆಗಿಂತ ಎಚ್ಚರಿಕೆ ಮುಖ್ಯ. ಗ್ಯಾಸ್ ಗೀಸರನ್ನು ಸ್ನಾನದ ಮನೆಯೊಳಗೇ ಕೂರಿಸಿ, ಬಾಗಿಲು ಹಾಕಿಕೊಂಡು ಸ್ನಾನ ಮಾಡುವಾಗ ಪ್ರಾಣ ಕಳೆದುಕೊಂಡವರ ಸುದ್ದಿ ಬೆಂಗಳೂರಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಚಿಕ್ಕ ಕೋಣೆಯಲ್ಲಿ ಆಮ್ಲಜನಕ ಕಡಿಮೆಯಾದಂತೆ ಗ್ಯಾಸ್ ಅರೆಬರೆ ಉರಿದು ಕಾರ್ಬನ್ ಮೋನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ತಲೆಸುತ್ತು ಬಂದಿತೆಂದು ತಿಳಿಯುವ ಹೊತ್ತಿಗೆ ಬಾಗಿಲು ತೆರೆಯುವ ಶಕ್ತಿಯೇ ಉಳಿದಿರುವುದಿಲ್ಲ. ಸೋಲಾರ್ ಅಥವಾ ವಿದ್ಯುತ್ ಗೀಸರ್ ಹಾಕಿಸಲು ಸಾಧ್ಯವಿರುವವರು ಗ್ಯಾಸ್ ಗೀಸರನ್ನು ಪರಿಗಣಿಸಲೇ ಬೇಡಿ. ಈಗಾಗಲೇ ಇರುವವರು ಗೀಸರನ್ನೂ ಸಿಲಿಂಡರನ್ನೂ ಸ್ನಾನದ ಮನೆಯ ಹೊರಗೆ, ಗಾಳಿಯಾಡುವ ಜಾಗಕ್ಕೆ ಸ್ಥಳಾಂತರಿಸಿ ಬಿಸಿನೀರಿನ ಪೈಪನ್ನು ಮಾತ್ರ ಒಳಗೆ ತಂದುಕೊಳ್ಳಬೇಕು. ಮಲೆನಾಡಿನ ಹಳೆಯ ಮನೆಗಳಲ್ಲಿ ಹಂಡೆಯ ಬಚ್ಚಲೊಲೆ ಮುಖ್ಯ ಮನೆಯಿಂದ ಬೇರೆಯಾಗಿ, ಅರೆತೆರೆದ ಬಚ್ಚಲಲ್ಲಿ ಇರುತ್ತಿದ್ದುದು ಈ ದೃಷ್ಟಿಯಿಂದ ಬಹಳ ಸರಿಯಾದ ವ್ಯವಸ್ಥೆ; ಅದೇ ಒಲೆಯನ್ನು ಕಾಂಕ್ರೀಟ್ ಮನೆಯೊಳಗೆ ತಂದುಕೊಳ್ಳುವುದು ಸರಿಯಲ್ಲ.

ಇದೇ ವಿಷಾನಿಲ ಬಾಣಂತನದ ಕೋಣೆಯಲ್ಲಿಯೂ ಹುಟ್ಟುತ್ತದೆ. ತಾಯಿ ಮಗುವನ್ನು ಬೆಚ್ಚಗಿಡಲು ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟು, ಗಾಳಿ ತಾಗಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚುವ ಪದ್ಧತಿ ಇನ್ನೂ ಇದೆ. ಕೆಂಡದಿಂದ ಹೊಗೆ ಕಾಣದಿದ್ದರೂ ಕಾರ್ಬನ್ ಮೋನಾಕ್ಸೈಡ್ ಬರುತ್ತಲೇ ಇರುತ್ತದೆ. ಸ್ನಾನವಾದ ಮೇಲೆ ಹಸುಗೂಸಿನ ತಲೆಗೆ ಸಾಂಬ್ರಾಣಿ ಹೊಗೆ ಹಾಕುವುದೂ ಹಿರಿಯರು ಪ್ರೀತಿಯಿಂದಲೇ ಮಾಡುವ ಉಪಚಾರ. ಆದರೆ ದೊಡ್ಡವರಿಗಿಂತ ವೇಗವಾಗಿ ಉಸಿರಾಡುವ, ಇನ್ನೂ ಬೆಳೆಯುತ್ತಿರುವ ಶ್ವಾಸಕೋಶಕ್ಕೆ ಆ ಹೊಗೆ ಹೊರೆ. ಬಿಸಿನೀರಿನ ಚೀಲ, ದಪ್ಪ ಹೊದಿಕೆ, ಒಣಬಟ್ಟೆಯಿಂದ ತಲೆ ಒರೆಸುವುದು, ತಾಯಿಯ ಮೈಗೆ ಮಗುವನ್ನು ಅಪ್ಪಿಸಿಕೊಳ್ಳುವುದು ಅದೇ ಬೆಚ್ಚನೆಯನ್ನು ಹೊಗೆಯಿಲ್ಲದೆ ಕೊಡುತ್ತವೆ. ಮನೆಯ ಅಜ್ಜಿಯರೊಂದಿಗೆ ಈ ಮಾತನ್ನು ಗೌರವದಿಂದ, ಹೆರಿಗೆಗೆ ಮೊದಲೇ ಆಡಿ ಮುಗಿಸುವುದು ಒಳ್ಳೆಯದು.

ಸೊಳ್ಳೆ: ಬತ್ತಿ, ದ್ರಾವಣ, ಪರದೆ, ಜಾಲರಿ

ಸುರುಳಿಯಾಕಾರದ ಸೊಳ್ಳೆ ಬತ್ತಿ ಅಗ್ಗ, ವಿದ್ಯುತ್ ಬೇಡ, ಎಲ್ಲ ಅಂಗಡಿಯಲ್ಲಿಯೂ ಸಿಗುತ್ತದೆ. ಮನೆಯ ಗಾಳಿಗೆ ಅದರಷ್ಟು ಕೆಟ್ಟ ಆಯ್ಕೆ ಇನ್ನೊಂದಿಲ್ಲ. ಚೀನಾ ಮತ್ತು ಮಲೇಷ್ಯಾದ ಬತ್ತಿಗಳ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ಸುರುಳಿ ಉರಿದಾಗ ಬರುವ ಪಿಎಂ 2.5 ಕಣಗಳ ತೂಕ 75ರಿಂದ 137 ಸಿಗರೇಟುಗಳಿಂದ ಬರುವುದಕ್ಕೆ ಸಮ, ಕಣ್ಣುರಿಸುವ ಫಾರ್ಮಾಲ್ಡಿಹೈಡ್ ಅನಿಲ 51 ಸಿಗರೇಟುಗಳಷ್ಟರವರೆಗೆ ಇರಬಹುದು. ಸೊಳ್ಳೆಯನ್ನು ಓಡಿಸುವ ಕೀಟನಾಶಕ ಬತ್ತಿಯಲ್ಲಿ ಇರುವುದು ಅತ್ಯಲ್ಪ. ಉಳಿದದ್ದೆಲ್ಲ ಅದನ್ನು ನಿಧಾನವಾಗಿ ಉರಿಸಲು ಸೇರಿಸಿದ ಮರದ ಪುಡಿ, ತೆಂಗಿನ ಚಿಪ್ಪಿನ ಪುಡಿ, ಅಂಟು. ಹೊಗೆಯಿಲ್ಲದ ಬತ್ತಿ ಎಂದು ಮಾರುವವುಗಳಲ್ಲಿ ಕಣ್ಣಿಗೆ ಕಾಣುವ ಹೊಗೆ ಕಡಿಮೆ, ಆದರೆ ಕೆಂಡವಾಗಿ ಉರಿಯುವ ಯಾವುದರಿಂದಲೂ ವಿಷಾನಿಲಗಳು ಬರುತ್ತವೆ. ಸೊಳ್ಳೆ ಓಡಿಸುವ ಊದುಬತ್ತಿಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಕೀಟನಾಶಕಗಳ ನೋಂದಣಿ ಸಂಖ್ಯೆಯೇ ಇಲ್ಲದ ಪೊಟ್ಟಣಗಳು ಮಾರುಕಟ್ಟೆಯಲ್ಲಿವೆ. ಅವುಗಳಲ್ಲಿ ಏನಿದೆಯೆಂದು ಹೇಳುವವರಿಲ್ಲ.

ವಿದ್ಯುತ್ತಿನಿಂದ ಕಾಯುವ ದ್ರಾವಣದ ಯಂತ್ರದಲ್ಲಿ ಏನೂ ಉರಿಯುವುದಿಲ್ಲ, ಆದ್ದರಿಂದ ಅದು ಬತ್ತಿಗಿಂತ ನಿಶ್ಚಯವಾಗಿ ಮೇಲು. ಆದರೂ ಅದರ ಟ್ರಾನ್ಸ್‌ಫ್ಲುಥ್ರಿನ್‌ನಂಥ ಕೀಟನಾಶಕ ಕೋಣೆಯ ಗಾಳಿಯಲ್ಲಿ ತೇಲುತ್ತದೆ, ನಾವು ಅದನ್ನು ಉಸಿರಾಡುತ್ತೇವೆ. ಸಂಜೆ ಒಂದೆರಡು ಗಂಟೆ ಹಚ್ಚಿ, ಮಲಗುವ ಹೊತ್ತಿಗೆ ಆರಿಸಿ ಪರದೆಯೊಳಗೆ ಸೇರಿಕೊಳ್ಳುವುದು ರಾತ್ರಿಯಿಡೀ ಹಚ್ಚಿಡುವುದಕ್ಕಿಂತ ಉತ್ತಮ. ಈ ಜಾತಿಯ ಕೀಟನಾಶಕಗಳು ಮೀನುಗಳಿಗೆ ತೀವ್ರ ವಿಷ, ಬೆಕ್ಕುಗಳಿಗೂ ಅಪಾಯಕಾರಿ ಎಂಬುದನ್ನು ಅವುಗಳನ್ನು ಸಾಕಿದವರು ತಿಳಿದಿರಬೇಕು.

ಕಿಟಕಿಯ ಜಾಲರಿ ನನ್ನ ಮೊದಲ ಆಯ್ಕೆ. ಅದಕ್ಕೆ ಒಮ್ಮೆ ಖರ್ಚು ಮಾಡಿದರೆ ಸೊಳ್ಳೆ ಹೊರಗುಳಿಯುತ್ತದೆ, ಜೊತೆಗೆ ಸಂಜೆಯ ಹೊತ್ತಿಗೆ ಕಿಟಕಿ ಮುಚ್ಚುವ ಅಗತ್ಯ ತಪ್ಪುತ್ತದೆ. ಸೊಳ್ಳೆಗೆ ಹೆದರಿ ಸಂಜೆ ಐದಕ್ಕೇ ಕಿಟಕಿಗಳನ್ನೆಲ್ಲ ಹಾಕಿ, ಅನಂತರ ಅಡುಗೆ, ದೇವರ ದೀಪ, ಊದುಬತ್ತಿ, ಸೊಳ್ಳೆ ಬತ್ತಿ ಎಲ್ಲವನ್ನೂ ಆ ಮುಚ್ಚಿದ ಮನೆಯಲ್ಲಿಯೇ ನಡೆಸುವುದು ನಮ್ಮ ಮನೆಗಳ ಗಾಳಿ ಕೆಡುವ ಮುಖ್ಯ ರೀತಿ. ಅಂಟುಪಟ್ಟಿಯಿಂದ ಕೂರಿಸುವ ನೈಲಾನ್ ಜಾಲರಿ ಬಾಡಿಗೆ ಮನೆಗೆ ಸಾಕು, ಸ್ವಂತ ಮನೆಗೆ ಚೌಕಟ್ಟಿನ ಜಾಲರಿ ಬಾಳಿಕೆ ಬರುತ್ತದೆ. ಎರಡರಲ್ಲಿಯೂ ಧೂಳು ತುಂಬಿಕೊಂಡರೆ ಗಾಳಿ ಹರಿಯುವುದಿಲ್ಲವಾದ್ದರಿಂದ ಆಗಾಗ ತೊಳೆಯಬೇಕು. ಹಾಸಿಗೆಯ ಮೇಲಿನ ಸೊಳ್ಳೆ ಪರದೆ ಇನ್ನೂ ಅಗ್ಗ, ಮಗುವಿಗೂ ಹಗಲಲ್ಲಿ ಮಲಗುವ ವೃದ್ಧರಿಗೂ ಅತ್ಯಂತ ಸುರಕ್ಷಿತ. ಸೊಳ್ಳೆಗಳು ಜೋರು ಗಾಳಿಗೆದುರಾಗಿ ಹಾರಲಾರವು, ಆದ್ದರಿಂದ ಮೇಜಿನ ಫ್ಯಾನನ್ನು ಕಾಲಿನ ಕಡೆಗೆ ತಿರುಗಿಸಿ ಕುಳಿತರೂ ಕಡಿತ ಕಡಿಮೆಯಾಗುತ್ತದೆ.

ಡೆಂಗಿ ಹರಡುವ ಈಡಿಸ್ ಸೊಳ್ಳೆ ಹಗಲಿನಲ್ಲಿ ಕಚ್ಚುತ್ತದೆ, ಮನೆಯ ಸುತ್ತಲಿನ ಶುದ್ಧ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಹೆಚ್ಚುಕಡಿಮೆ ಒಂದು ವಾರ ಹಿಡಿಯುವುದರಿಂದ, ಡ್ರಮ್, ತೊಟ್ಟಿ, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ ಇವುಗಳನ್ನು ವಾರಕ್ಕೊಮ್ಮೆ ಬರಿದುಮಾಡಿ ಉಜ್ಜುವುದು ಯಾವ ಬತ್ತಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಬರಿದುಮಾಡಲಾಗದ ತೊಟ್ಟಿಗಳಿಗೆ ಗಪ್ಪಿ, ಗ್ಯಾಂಬೂಸಿಯಾ ಮೀನುಗಳನ್ನು ಬಿಡುವ ಕ್ರಮ ರಾಜ್ಯದಲ್ಲಿ ಮೊದಲಿನಿಂದಲೂ ಇದೆ.

ಊದುಬತ್ತಿ, ಫಿನಾಯಿಲ್, ನುಸಿಗುಳಿಗೆ

ಮೈಸೂರು ಊದುಬತ್ತಿಯ ನಾಡಿನಲ್ಲಿ ಇದನ್ನು ಬರೆಯುವಾಗ ಎಚ್ಚರದಿಂದಲೇ ಬರೆಯುತ್ತೇನೆ, ಏಕೆಂದರೆ ಇದು ಅನೇಕ ಮನೆಗಳ ಪೂಜೆಗೂ ಸಾವಿರಾರು ಮಹಿಳೆಯರ ಜೀವನೋಪಾಯಕ್ಕೂ ಸೇರಿದ ವಸ್ತು. ಒಂದು ಗ್ರಾಂ ಊದುಬತ್ತಿ ಉರಿದಾಗ ಸುಮಾರು 45 ಮಿಲಿಗ್ರಾಂ ಕಣಗಳು ಬರುತ್ತವೆ, ಸಿಗರೇಟಿನಲ್ಲಿ ಈ ಪ್ರಮಾಣ ಸುಮಾರು 10 ಮಿಲಿಗ್ರಾಂ. ಪೂಜೆಯ ಹೊತ್ತಿಗೆ ಒಂದು ಕಡ್ಡಿ ಹಚ್ಚಿ, ಕಿಟಕಿ ತೆರೆದಿಟ್ಟು, ಮಂಗಳಾರತಿಯಾದ ಮೇಲೆ ಆರಿಸುವುದಕ್ಕೂ, ಸುವಾಸನೆಗಾಗಿ ದಿನವಿಡೀ ಹಚ್ಚಿಡುವುದಕ್ಕೂ ಬಹಳ ಅಂತರವಿದೆ. ಮುಚ್ಚಿದ ಚಿಕ್ಕ ದೇವರ ಕೋಣೆಯಲ್ಲಿ ತುಪ್ಪದ ದೀಪ ಮತ್ತು ಹೂವು, ಹೊಸ್ತಿಲ ಬಳಿ ಊದುಬತ್ತಿ ಎಂಬ ಹಂಚಿಕೆ ಅನೇಕರಿಗೆ ಒಪ್ಪಿಗೆಯಾಗುತ್ತದೆ. ಕೋಣೆಗೆ ಸಿಂಪಡಿಸುವ ಸುಗಂಧಗಳು ಇದಕ್ಕೆ ಪರ್ಯಾಯವಾಗಲಾರವು. ಅವು ಗಾಳಿಗೆ ಇನ್ನಷ್ಟು ರಾಸಾಯನಿಕ ಸೇರಿಸುತ್ತವೆಯೇ ಹೊರತು ಏನನ್ನೂ ತೆಗೆಯುವುದಿಲ್ಲ.

ನೆಲ ಒರೆಸಲು ದಿನವೂ ಫಿನಾಯಿಲ್ ಬೇಕಿಲ್ಲ. ನೆಲಕ್ಕೆ ನೀರು ಮತ್ತು ತುಸು ಸೋಪಿನ ಪುಡಿ ಸಾಕು, ಜಿಡ್ಡಿದ್ದರೆ ವಾಷಿಂಗ್ ಸೋಡಾ, ಪಾತ್ರೆಗೆ ಅಂಟುವಾಳದ ನೀರು. ಯಾರಿಗಾದರೂ ವಾಂತಿ ಭೇದಿಯಾದಾಗ, ಕೊಳಚೆ ನೀರು ಒಳಬಂದಾಗ ಬ್ಲೀಚಿಂಗ್ ಪೌಡರ್ ಬಳಸುವುದು ಸರಿಯೇ. ಆದರೆ ಒಂದು ನಿಯಮವನ್ನು ಮನೆಯವರಿಗೂ ಮನೆಗೆಲಸಕ್ಕೆ ಬರುವವರಿಗೂ ತಪ್ಪದೆ ತಿಳಿಸಿ: ಶೌಚಾಲಯ ತೊಳೆಯುವ ದ್ರಾವಣಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ, ಅದಕ್ಕೆ ಬ್ಲೀಚಿಂಗ್ ಪೌಡರ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿಯಿಲ್ಲದ ಶೌಚಾಲಯದಲ್ಲಿ ಇದು ಕೆಲವೇ ಉಸಿರಿನಲ್ಲಿ ಶ್ವಾಸಕೋಶವನ್ನು ಸುಡುತ್ತದೆ. ಹೆಚ್ಚು ಬಿಳುಪಾಗಲೆಂದು ಎರಡನ್ನೂ ಒಟ್ಟಿಗೆ ಸುರಿಯುವವರು ಬಹಳ ಮಂದಿ ಇದ್ದಾರೆ.

ಬೀರುವಿನ ನುಸಿಗುಳಿಗೆಯ ನ್ಯಾಫ್ತಲೀನ್ ಆವಿಯೂ ನಿರಪಾಯವಲ್ಲ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಅದು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆ ತರಬಲ್ಲದು. ಆದ್ದರಿಂದ ನುಸಿಗುಳಿಗೆಯೊಂದಿಗೆ ಎತ್ತಿಟ್ಟ ಹಳೆಯ ಕುಲಾವಿ, ಹೊದಿಕೆಗಳನ್ನು ಪೆಟ್ಟಿಗೆಯಿಂದ ತೆಗೆದು ನೇರವಾಗಿ ಮಗುವಿಗೆ ಹಾಕಬಾರದು. ಚೆನ್ನಾಗಿ ಒಗೆದು ಬಿಸಿಲಿಗೆ ಒಣಗಿಸಿದ ಬಟ್ಟೆ, ಬಿಗಿಯಾದ ಪೆಟ್ಟಿಗೆ, ಒಣಗಿದ ಬೇವಿನ ಸೊಪ್ಪು ಅಥವಾ ಲಾವಂಚ ಬಹುತೇಕ ಮನೆಗಳಿಗೆ ಸಾಕಾಗುತ್ತವೆ. ರೇಷ್ಮೆ ಸೀರೆಗಳನ್ನು ವರ್ಷಕ್ಕೆ ಕೆಲವು ಬಾರಿ ಬಿಚ್ಚಿ ನೆರಳಿನ ಗಾಳಿಗೆ ಹರವಬೇಕಷ್ಟೆ.

ಹೊಸ ಮನೆ: ಹಲಗೆ ಮತ್ತು ಬಣ್ಣ

ಹೊಸ ಮನೆಯ ಕಣ್ಣುರಿಸುವ ವಾಸನೆಯಲ್ಲಿ ಒಂದು ಪಾಲು ಫಾರ್ಮಾಲ್ಡಿಹೈಡ್. ಇದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿಯೇ ಖಚಿತಪಡಿಸಿತು. ಪಾರ್ಟಿಕಲ್ ಬೋರ್ಡ್, ಎಂಡಿಎಫ್ (ಮರದ ನಾರನ್ನು ಅಂಟಿನಿಂದ ಒತ್ತಿ ಮಾಡಿದ ಹಲಗೆ) ಮತ್ತು ಅಗ್ಗದ ಪ್ಲೈವುಡ್‌ಗಳಲ್ಲಿ ಬಳಸುವ ಯೂರಿಯಾ ಮೂಲದ ಅಂಟು ಇದನ್ನು ವರ್ಷಗಳ ಕಾಲ ಬಿಡುತ್ತಿರುತ್ತದೆ, ಬಿಸಿಲು ಮತ್ತು ತೇವ ಹೆಚ್ಚಿದಾಗ ಇನ್ನೂ ಜಾಸ್ತಿ. ಐಎಸ್ 710 ಎಂಬ ಭಾರತೀಯ ಮಾನದಂಡದ ಗುರುತಿನ ಪ್ಲೈವುಡ್‌ನಲ್ಲಿರುವುದು ಫೀನಾಲ್ ಮೂಲದ ಅಂಟು, ಅದು ಬಿಡುವ ಪ್ರಮಾಣ ಬಹಳ ಕಡಿಮೆ, ಬೆಲೆ ಹೆಚ್ಚು. ಎಂಡಿಎಫ್ ಕೊಳ್ಳಲೇಬೇಕಾದರೆ ಫಾರ್ಮಾಲ್ಡಿಹೈಡ್ ಕಡಿಮೆ ಬಿಡುವ ಇ1 ಅಥವಾ ಇ0 ದರ್ಜೆಯನ್ನು ಕೇಳಿ ಪಡೆಯಬೇಕು, ಕತ್ತರಿಸಿದ ಅಂಚುಗಳನ್ನೆಲ್ಲ ಪಟ್ಟಿಯಿಂದ ಮುಚ್ಚಿಸಬೇಕು, ಏಕೆಂದರೆ ಆವಿ ಹೆಚ್ಚಾಗಿ ಹೊರಬೀಳುವುದು ತೆರೆದ ಅಂಚಿನಿಂದ. ಅಡುಗೆಮನೆಯ ಕೆಳಗಿನ ಕಪಾಟುಗಳಿಗೆ ಹಿಂದಿನಿಂದ ಬಳಸುತ್ತಿದ್ದ ಕಡಪ ಕಲ್ಲಿನ ಹಲಗೆಗಳು ಏನನ್ನೂ ಬಿಡುವುದಿಲ್ಲ, ನೀರಿಗೂ ಗೆದ್ದಲಿಗೂ ಹೆದರುವುದಿಲ್ಲ; ಕಪಾಟಿನ ಒಡಲನ್ನು ಕಲ್ಲಿನಲ್ಲಿ ಕಟ್ಟಿಸಿ ಬಾಗಿಲನ್ನು ಮಾತ್ರ ಒಳ್ಳೆಯ ಪ್ಲೈವುಡ್‌ನಲ್ಲಿ ಮಾಡಿಸುವುದು ನನಗೆ ಅತ್ಯಂತ ವಿವೇಕದ ಮಾರ್ಗವೆನಿಸುತ್ತದೆ.

ಗೋಡೆಗೆ ಸುಣ್ಣ, ನೀರಿನ ಎಮಲ್ಷನ್, ಥಿನ್ನರ್ ಬೆರೆಸುವ ಎಣ್ಣೆ ಬಣ್ಣ ಎಂಬ ಕ್ರಮದಲ್ಲಿ ಆವಿ ಹೆಚ್ಚುತ್ತಾ ಹೋಗುತ್ತದೆ. ಸುಣ್ಣ ಕ್ಷಾರೀಯವಾದ್ದರಿಂದ ಬೂಷ್ಟನ್ನು ತಡೆಯುತ್ತದೆ, ಕರಾವಳಿ ಮತ್ತು ಮಲೆನಾಡಿನ ಮಳೆಗಾಲಕ್ಕೆ ಇದು ದೊಡ್ಡ ಗುಣ. ಆದರೆ ಕೈಗೆ ಹತ್ತುತ್ತದೆ, ತೊಳೆಯಲು ಬರುವುದಿಲ್ಲ. ಮನೆಯ ಬಣ್ಣಗಳಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ದಾಟಬಾರದೆಂಬ ನಿಯಮ 2017ರ ನವೆಂಬರ್ 1ರಿಂದ ಜಾರಿಯಲ್ಲಿದೆ. ಅದಕ್ಕಿಂತ ಹಳೆಯ ಬಾಗಿಲು, ಕಿಟಕಿ ಸರಳುಗಳ ಬಣ್ಣದಲ್ಲಿ ಸೀಸವಿರಬಹುದು. ಹಬ್ಬಕ್ಕೆ ಸುಣ್ಣಬಣ್ಣ ಮಾಡಿಸುವಾಗ ಆ ಪದರವನ್ನು ಒಣದಾಗಿ ಉಜ್ಜಿಸದೆ ನೀರು ಹಾಕಿ ಉಜ್ಜಿಸಬೇಕು, ಆ ದಿನಗಳಲ್ಲಿ ಮಕ್ಕಳನ್ನೂ ಗರ್ಭಿಣಿಯರನ್ನೂ ಬೇರೆಡೆ ಇರಿಸಬೇಕು. ಗೃಹಪ್ರವೇಶದ ಮುಹೂರ್ತ ಗೊತ್ತಾದ ಕೂಡಲೇ ಬಣ್ಣ ಮತ್ತು ಮರಗೆಲಸ ಅದಕ್ಕಿಂತ ಮೂರು ನಾಲ್ಕು ವಾರ ಮೊದಲೇ ಮುಗಿಯುವಂತೆ ಗುತ್ತಿಗೆದಾರರೊಂದಿಗೆ ಮಾತಾಡಿಕೊಂಡು, ಆ ಅವಧಿಯಲ್ಲಿ ಕಪಾಟುಗಳನ್ನೂ ಕಿಟಕಿಗಳನ್ನೂ ತೆರೆದಿಟ್ಟರೆ ಆವಿಯ ದೊಡ್ಡ ಪಾಲು ಹೋಗಿರುತ್ತದೆ.

ಗಿಡಗಳು ಮತ್ತು ಏರ್ ಪ್ಯೂರಿಫೈಯರ್

ಒಳಾಂಗಣ ಗಿಡಗಳು ಗಾಳಿ ಶುದ್ಧ ಮಾಡುತ್ತವೆಂಬ ನಂಬಿಕೆಗೆ ಮೂಲ ನಾಸಾ 1989ರಲ್ಲಿ ಪ್ರಕಟಿಸಿದ ಅಧ್ಯಯನ. ಅದು ನಡೆದದ್ದು ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಇಬ್ಬರು 2019ರಲ್ಲಿ ಇಂಥ ಹಲವು ಅಧ್ಯಯನಗಳನ್ನು ಒಟ್ಟುಮಾಡಿ ಲೆಕ್ಕ ಹಾಕಿದಾಗ, ಮನೆಯ ಸಹಜ ಗಾಳಿಯಾಟ ಮಾಡುವಷ್ಟು ಕೆಲಸವನ್ನು ಗಿಡಗಳು ಮಾಡಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1000 ಗಿಡಗಳು ಬೇಕೆಂದು ತಿಳಿಯಿತು. ಗಿಡಗಳನ್ನು ಚೆಲುವಿಗಾಗಿ ಬೆಳೆಸೋಣ. ಗಾಳಿಗಾಗಿ ಕಿಟಕಿ ತೆರೆಯೋಣ.

ಪ್ಯೂರಿಫೈಯರ್ ಯಾರಿಗೆ ಬೇಕು? ದೆಹಲಿ, ಗುರುಗ್ರಾಮಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ನವೆಂಬರ್‌ನಿಂದ ಜನವರಿಯವರೆಗೆ ಅದು ಅವಶ್ಯಕ, ಏಕೆಂದರೆ ಅಲ್ಲಿ ಕಿಟಕಿ ತೆರೆಯುವುದೇ ಹಾನಿಕರ. ಬೆಂಗಳೂರಿನಲ್ಲಿ ಮುಖ್ಯರಸ್ತೆಗೆ ತಾಗಿದ ಮನೆಯವರಿಗೆ, ಉಬ್ಬಸ ಅಥವಾ ಹೃದಯದ ಕಾಯಿಲೆಯಿರುವವರಿಗೆ ಪ್ರಯೋಜನವಿದೆ. ಒಳಬಡಾವಣೆಯ, ಎರಡು ಕಡೆ ಕಿಟಕಿಯಿರುವ ಮನೆಗೆ ಆ ಹಣವನ್ನು ಜಾಲರಿಗೂ ಎಕ್ಸಾಸ್ಟ್ ಫ್ಯಾನಿಗೂ ಹಾಕುವುದು ಮೇಲು. ವಾಹನಗಳ ದಟ್ಟಣೆಯ ಹೊತ್ತು ಬಿಟ್ಟು, ಮಧ್ಯಾಹ್ನದ ಹೊತ್ತಿಗೆ ಕಿಟಕಿಗಳನ್ನು ಪೂರ್ತಿ ತೆರೆಯುವುದು ಚಳಿಗಾಲದಲ್ಲಿ ವಿಶೇಷವಾಗಿ ಒಳ್ಳೆಯದು, ಏಕೆಂದರೆ ಆಗ ಬೆಳಗಿನ ತಂಪಿನಲ್ಲಿ ಹೊಗೆ ನೆಲಮಟ್ಟದಲ್ಲಿಯೇ ತಂಗಿರುತ್ತದೆ.

ಕೊಳ್ಳುವುದಾದರೆ ನೋಡಬೇಕಾದ ಅಂಕಿ ಒಂದೇ: ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬುದು. ಪೆಟ್ಟಿಗೆಯ ಮೇಲೆ ಇದನ್ನು ಸಿಎಡಿಆರ್ ಎಂದು ಬರೆದಿರುತ್ತಾರೆ. 12 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 41 ಘನ ಮೀಟರ್ ಗಾಳಿಯಿರುತ್ತದೆ. ಗಂಟೆಗೆ ಐದು ಬಾರಿ ಅದನ್ನು ಸೋಸಬೇಕಾದರೆ 205ರಷ್ಟು ಸಿಎಡಿಆರ್ ಬೇಕು. ಇದು ಯಂತ್ರ ಅತ್ಯಂತ ಜೋರಾಗಿ, ಅತ್ಯಂತ ಸದ್ದಿನಿಂದ ಓಡುವಾಗಿನ ಅಂಕಿಯಾದ್ದರಿಂದ, ರಾತ್ರಿ ಮೆಲ್ಲನೆ ಓಡಿಸುವವರು 300ರ ಸುತ್ತಲಿನದನ್ನು ಆರಿಸಬೇಕು. ಈ ಯಂತ್ರಗಳಲ್ಲಿರುವ, ನವಿರು ಎಳೆಗಳ ಹೆಪಾ ಫಿಲ್ಟರ್ ಕಣಗಳನ್ನಷ್ಟೇ ಹಿಡಿಯುತ್ತದೆ. ಬಣ್ಣದ ಆವಿ, ಫಾರ್ಮಾಲ್ಡಿಹೈಡ್‌ಗಳಿಗೆ ಇದ್ದಿಲಿನ ಫಿಲ್ಟರ್ ಬೇಕು, ಅದೂ ತೂಕದಲ್ಲಿ ದಪ್ಪನಾಗಿರಬೇಕು. ತೆಳುವಾದ ಕಪ್ಪು ಹಾಳೆಯಿಂದ ಹೆಚ್ಚಿನ ಉಪಯೋಗವಿಲ್ಲ. ಕಾರ್ಬನ್ ಮೋನಾಕ್ಸೈಡನ್ನು ಇವೆರಡೂ ತಡೆಯುವುದಿಲ್ಲ. ಓಝೋನ್ ಉತ್ಪಾದಿಸುವ ಯಂತ್ರಗಳನ್ನು ಎಷ್ಟೇ ಅಗ್ಗವಾಗಿ ಕೊಟ್ಟರೂ ಕೊಳ್ಳಬಾರದು, ಏಕೆಂದರೆ ಓಝೋನ್ ತಾನೇ ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ, ಜೊತೆಗೆ ನಿಂಬೆ, ಪೈನ್ ಪರಿಮಳದ ಕ್ಲೀನರುಗಳ ಆವಿಯೊಂದಿಗೆ ಸೇರಿ ಹೊಸದಾಗಿ ಫಾರ್ಮಾಲ್ಡಿಹೈಡನ್ನು ಹುಟ್ಟಿಸುತ್ತದೆ.

ಬೆಲೆ ಕೇಳುವಾಗ ಯಂತ್ರದ ಬೆಲೆಯೊಂದಿಗೆ ಬದಲಿ ಫಿಲ್ಟರಿನ ಬೆಲೆಯನ್ನೂ, ಅದು ನಿಮ್ಮ ಊರಿನಲ್ಲಿ ಸಿಗುತ್ತದೆಯೇ ಎಂಬುದನ್ನೂ ಕೇಳಬೇಕು. ಎರಡು ಮೂರು ವರ್ಷಗಳಲ್ಲಿ ಫಿಲ್ಟರಿನ ಖರ್ಚು ಯಂತ್ರದ ಖರ್ಚಿಗೆ ಸಮೀಪಿಸುವುದುಂಟು. ಯಂತ್ರ ಒಂದೇ ಇದ್ದರೆ ಅದರ ಜಾಗ ಮಲಗುವ ಕೋಣೆ, ಏಕೆಂದರೆ ದಿನದ ಏಳೆಂಟು ಗಂಟೆ ನಾವು ಒಂದೇ ಗಾಳಿಯನ್ನು ಉಸಿರಾಡುವುದು ಅಲ್ಲಿ. ಬಾಗಿಲು ಹಾಕಿ, ಗೋಡೆಯಿಂದ ಒಂದು ಅಡಿಯಾದರೂ ದೂರ ಇಟ್ಟು ಓಡಿಸಬೇಕು, ಮತ್ತು ಅದೇ ಕೋಣೆಯಲ್ಲಿ ಸೊಳ್ಳೆ ಬತ್ತಿ ಉರಿಯುತ್ತಿರಬಾರದು.